ಸೋಫಾದ ಹಿಂದಿನ ದನಿ

ಸುವಿಮೋನ್ ಪರದೆಯ ಮೇಲೆ ಅತ್ತರೆ ಬ್ಯಾಂಕಾಕಿನ ಹೆಂಗಸರೆಲ್ಲ ಕರವಸ್ತ್ರ ಒದ್ದೆ ಮಾಡಿಕೊಳ್ಳುತ್ತಿದ್ದ ಕಾಲವೊಂದಿತ್ತು. ಆಗ ನಿಜವಾಗಿ ಅಳುತ್ತಿದ್ದವಳು ನಾನು. ಅವಳದು ಬರೀ ಕಣ್ಣೀರು, ಅದೂ ಎಷ್ಟೋ ಸಲ ಗ್ಲಿಸರಿನ್ನಿನದು. ಬಿಕ್ಕು ನನ್ನದು, ನಿಟ್ಟುಸಿರು ನನ್ನದು, ಕ್ಷಯ ಹತ್ತಿ ಸಾಯುವಾಗಿನ ಕೆಮ್ಮೂ ನನ್ನದೇ. ಜಂಬಕ್ಕೆ ಹೇಳುತ್ತಿಲ್ಲ. ಜಂಬಪಟ್ಟು ಏನಾದರೂ ಸಿಗುವಂತಿದ್ದರೆ ಇಷ್ಟು ಹೊತ್ತಿಗೆ ನನ್ನ ಮನೆ ಮುಂದೆಯೂ ಒಂದು ಕಾರು ನಿಂತಿರುತ್ತಿತ್ತು.

ಆಗಿನ ನಮ್ಮ ಸಿನಿಮಾಗಳಿಗೆ ಬಾಯಿರಲಿಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ದೊಡ್ಡ ಫಿಲ್ಮು ಕೊಳ್ಳುವ ಶಕ್ತಿ ಯಾರಿಗೂ ಇಲ್ಲದೆ, ಸಣ್ಣ ಕ್ಯಾಮೆರಾದಲ್ಲಿ ದನಿಯಿಲ್ಲದ ಚಿತ್ರ ತೆಗೆದು ಥಿಯೇಟರಿಗೆ ಕಳಿಸಿಬಿಡುತ್ತಿದ್ದರು. ಮಾತು ಹಾಕುವುದು ನಮ್ಮಂಥವರ ಕೆಲಸ. ಥಿಯೇಟರಿನ ಹಿಂದುಗಡೆಯ ಗೂಡಿನಲ್ಲಿ ನಾನೂ ನನ್ನ ಗಂಡ ಪ್ರಸೋಪನೂ ಮೈಕು ಮುಂದಿಟ್ಟುಕೊಂಡು ಕೂತರೆ ಪ್ರತಿ ಆಟಕ್ಕೂ ಮೊದಲಿನಿಂದ ಕೊನೆಯತನಕ ಮಾತಾಡಲೇಬೇಕು. ಗಂಡಸರು, ನಾಯಿ, ಪೊಲೀಸು, ಗುಂಡಿನ ಸದ್ದು ಅವನ ಪಾಲು. ಹೆಂಗಸರು, ಮಕ್ಕಳು, ದೆವ್ವ, ಬೆಕ್ಕು ನನ್ನ ಪಾಲು. ಪೋಸ್ಟರಿನ ತಳದಲ್ಲಿ, ಶರಬತ್ತಿನ ಜಾಹೀರಾತಿನ ಕೆಳಗೆ, ‘ಪ್ರಸೋಪ್–ಸಂಗ್ವಿಯನ್ ದಂಪತಿಯ ದನಿಯಲ್ಲಿ’ ಎಂದು ಅಚ್ಚಾಗುತ್ತಿತ್ತು. ಸಂಗ್ವಿಯನ್ ಎಂದರೆ ನಾನು. ಕಪ್ಪು ಮುಖ, ಅಗಲ ಮೂಗು. ಇಂಥ ಮುಖಕ್ಕೆ ಗೂಡೇ ಸರಿ ಎಂದು ನನ್ನ ಗಂಡನೇ ತಮಾಷೆ ಮಾಡುತ್ತಿದ್ದ, ನಾನು ನಗುತ್ತಿದ್ದೆ, ನಕ್ಕಿದ್ದು ಮಾತ್ರ ತಮಾಷೆಗಲ್ಲ.

ಬ್ಯಾಂಕಾಕಿನಲ್ಲಿ ಅವಳಿಗೆ ನನ್ನ ದನಿಯಾದರೆ ಬೇರೆ ಊರುಗಳಲ್ಲಿ ಬೇರೆಯವರದು. ದಕ್ಷಿಣದಲ್ಲಿ ಅಲ್ಲಿಯ ಮಾತಿನಲ್ಲೇ ಅವಳಿಗೆ ದನಿ ಕೊಡುವ ಹೆಂಗಸೊಬ್ಬಳಿದ್ದಳಂತೆ. ಹಳ್ಳಿಗಳಲ್ಲಿ ಔಷಧಿ ಮಾರುವವರು ಲಾರಿಯಲ್ಲಿ ಚಿತ್ರ ತಂದು, ದೇವಾಲಯದ ಬಯಲಿನಲ್ಲಿ ಪುಕ್ಕಟೆ ತೋರಿಸಿ, ಕಥೆ ಬಿಗಿಯಾದ ಜಾಗದಲ್ಲಿ ನಿಲ್ಲಿಸಿ ಮಾತ್ರೆ ಮಾರುತ್ತಿದ್ದರು. ಒಮ್ಮೆ ಹೊರಾಂಗಣ ಚಿತ್ರೀಕರಣಕ್ಕೆ ಹೋಗಿದ್ದ ಸುವಿಮೋನ್ ಅಂಥದ್ದೊಂದು ಬಯಲಿನಲ್ಲಿ ತನ್ನನ್ನೇ ನೋಡಿದಳು. ಪರದೆಯ ಮೇಲೆ ಅವಳು ಪ್ರಿಯಕರನ ತೊಡೆಯ ಮೇಲೆ ಸಾಯುತ್ತಿದ್ದಳು. ಲಾರಿಯ ದನಿ ಅವಳ ಬಾಯಿಂದ, ಸಾಯುವ ಮುಂಚೆ ಜಂತುಹುಳದ ಮಾತ್ರೆ ತಿಂದಿದ್ದರೆ ಈ ಗತಿ ಬರುತ್ತಿರಲಿಲ್ಲ, ನೀವಾದರೂ ತಗೊಳ್ಳಿ, ಎಂದಿತು. ಜನ ಬಿದ್ದು ಬಿದ್ದು ನಕ್ಕರು, ಮಾತ್ರೆ ಕೊಂಡರು. ಅವಳು ತಲೆಗೆ ಟವೆಲು ಸುತ್ತಿಕೊಂಡು ಜನರ ನಡುವೆ ನಿಂತು ತಾನೂ ನಕ್ಕಳಂತೆ. ಇದನ್ನು ನನಗೆ ಆಮೇಲೆ ಅವಳೇ ಹೇಳಿದ್ದು.

ಆಮೇಲೆ ಎಂದೆ, ಯಾಕೆಂದರೆ ಎಷ್ಟೋ ವರ್ಷ ನಾವಿಬ್ಬರೂ ಒಬ್ಬರನ್ನೊಬ್ಬರು ಕಂಡಿರಲಿಲ್ಲ. ನನಗೆ ಗೊತ್ತಿದ್ದದ್ದು ಅವಳ ತುಟಿ ಮಾತ್ರ. ತುಟಿ ತೆರೆದಾಗ ನಾನು ಶುರು ಮಾಡಬೇಕು, ಮುಚ್ಚಿದಾಗ ನಿಲ್ಲಿಸಬೇಕು. ಅವಳ ಜೊತೆ ನನಗೊಂದು ಕಷ್ಟವಿತ್ತು. ಬರೆದ ಮಾತು ಉದ್ದವಿರುತ್ತಿತ್ತು, ಅವಳ ಬಾಯಿ ಬೇಗ ಮುಚ್ಚಿಬಿಡುತ್ತಿತ್ತು. ಅರ್ಧ ಮಾತು ನುಂಗುವ ಬಾಯಿ ಅದು. ಮಾತಿನ ಬಾಲ ಕತ್ತರಿಸುವವರು ದಕ್ಷಿಣದವರು, ಇವಳೂ ಅಲ್ಲಿಯವಳೇ ಇರಬೇಕು ಎಂದುಕೊಂಡೆ. ದಿನಕ್ಕೆ ನಾಲ್ಕಾರು ಸಲ ಅದೇ ತುಟಿ ನೋಡುತ್ತಾ ನೋಡುತ್ತಾ ಅವಳು ಕ್ಯಾಮೆರಾದ ಮುಂದೆ ನಿಜವಾಗಿ ಏನು ಹೇಳಿದ್ದಳು ಎಂಬುದು ನನಗೆ ತಿಳಿಯತೊಡಗಿತು. ಹೇಗೂ ದನಿ ದಾಖಲಾಗುವುದಿಲ್ಲ, ಬಾಯಿ ಆಡಿದರೆ ಸಾಕು ಎಂದು ನಿರ್ದೇಶಕರು ಬಿಟ್ಟುಬಿಡುತ್ತಿದ್ದರು. ‘ನಿಮ್ಮನ್ನು ಬಿಟ್ಟು ಬದುಕಲಾರೆ’ ಎಂದು ನಾನು ಗೂಡಿನಲ್ಲಿ ಕರಗುತ್ತಿದ್ದಾಗ ಅವಳ ತುಟಿ ‘ಯವ್ವಾ, ಹೊಟ್ಟಿ ಹಸದೈತಿ’ ಎನ್ನುತ್ತಿತ್ತು.

ಅವಳ ಮೊದಲ ಹೆಸರು ಲಮುಲ್. ಊರು ದಕ್ಷಿಣದ ಪಟ್ಟಲುಂಗ್. ಅಪ್ಪ ಇಲ್ಲ. ತಾಯಿ ಸಂತೆಯ ಮೂಲೆಯಲ್ಲಿ ಒತ್ತುಶಾವಿಗೆ, ಮೀನಿನ ಸಾರು ಮಾರುತ್ತಿದ್ದಳು. ಹದಿನೇಳಕ್ಕೆ ಬ್ಯಾಂಕಾಕಿನ ಚಳಿಗಾಲದ ಉತ್ಸವದ ಸೌಂದರ್ಯ ಸ್ಪರ್ಧೆಗೆ ಯಾರೋ ಕರೆತಂದರು. ಗೆಲ್ಲಲಿಲ್ಲ, ಆದರೆ ನಿರ್ಮಾಪಕರೊಬ್ಬರ ಕಣ್ಣಿಗೆ ಬಿದ್ದಳು. ಅವರು ಸುವಿಮೋನ್ ಎಂದು ಹೆಸರಿಟ್ಟು, ಹಲ್ಲು ಸರಿಮಾಡಿಸಿ, ನಾರುವ ಸತೋ ಕಾಳು ತಿನ್ನಬೇಡ ಎಂದು ಕಟ್ಟುಮಾಡಿ, ಕೊನೆಗೆ ಬಾಯಿಯನ್ನೇ ತೆರೆಯಬೇಡ ಎಂದರು. ದಕ್ಷಿಣದವರು ಬ್ಯಾಂಕಾಕಿನ ಮಾತಾಡಲು ಹೋಗಿ ಎಡವಿದರೆ ನಮ್ಮವರು ‘ತಾಮ್ರ ಉದುರಿತು’ ಎಂದು ಕಿಸಕ್ಕನೆ ನಗುತ್ತಾರೆ. ರಾಜಕುಮಾರಿ ಪಾತ್ರದವಳ ಬಾಯಿಂದ ತಾಮ್ರ ಉದುರಿದರೆ ಟಿಕೆಟ್ಟು ಯಾರು ಕೊಳ್ಳುತ್ತಾರೆ? ಹಾಗಾಗಿ ಚಿತ್ರ ಬಿಡುಗಡೆಯ ದಿನ ಅವಳು ಥಿಯೇಟರಿನ ಬಾಗಿಲಲ್ಲಿ ಕೈಮುಗಿದು ಮುಗುಳ್ನಗುತ್ತಾ ನಿಲ್ಲುತ್ತಿದ್ದಳು ಅಷ್ಟೆ, ಆ ಹೊತ್ತಿಗೆ ನಾನು ಗೂಡಿನೊಳಗೆ ಇರುತ್ತಿದ್ದೆ. ಎಷ್ಟು ನಾಚಿಕೆಯ ಹೆಣ್ಣು ಎಂದು ಪತ್ರಿಕೆಗಳು ಕೊಂಡಾಡಿದವು.

ಮೂವತ್ತು ದಾಟುತ್ತಲೇ ಆ ನಾಚಿಕೆ ಯಾರಿಗೂ ಬೇಡವಾಯಿತು. ಹದಿನಾರರ ಹೊಸ ಹುಡುಗಿಯೊಬ್ಬಳು ಬಂದಳು, ಪೋಸ್ಟರಿನಲ್ಲಿ ಸುವಿಮೋನಳ ಮುಖ ಚಿಕ್ಕದಾಗುತ್ತಾ ಬಂತು, ಆಮೇಲೆ ಇಲ್ಲವಾಯಿತು. ಅದೇ ಹೊತ್ತಿಗೆ ಟೆಲಿವಿಷನ್ನಿನ ನಾಟಕ ವಿಭಾಗದ ಥವಿನ್ ಅವಳನ್ನು ಕರೆಸಿದರು. ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ವಾರಕ್ಕೊಂದು ಹೊಸ ನಾಟಕ, ಆಡುತ್ತಿದ್ದಂತೆಯೇ ಮನೆಮನೆಗೆ ಪ್ರಸಾರ. ದೊಡ್ಡ ಮನೆತನದ ಸೊಸೆಯ ಪಾತ್ರ. ಹದಿನಾಲ್ಕು ವರ್ಷ ಬಾಯಿ ಮುಚ್ಚಿಕೊಂಡಿದ್ದವಳು ಕೊನೆಗೂ ಬಾಯಿ ತೆರೆದಳು.

ನಾಟಕ ಇನ್ನೂ ಮುಗಿದಿರಲಿಲ್ಲ, ಟೆಲಿವಿಷನ್ ನಿಲಯದ ಟೆಲಿಫೋನು ಬಡಿದುಕೊಳ್ಳತೊಡಗಿತು. ಯಾವಳೋ ಸುವಿಮೋನಳ ಮುಖ ಹಾಕಿಕೊಂಡು ಬಂದಿದ್ದಾಳೆ, ನಮ್ಮ ಸುವಿಮೋನಳ ದನಿ ನಮಗೆ ಗೊತ್ತಿಲ್ಲವೆ, ಎಂದು ಜನ ಬೈದರು. ಪತ್ರಿಕೆಯವನೊಬ್ಬ ಅವಳ ಬಾಯಿಂದ ತಾಮ್ರದ ನಾಣ್ಯ ಉದುರುವ ವ್ಯಂಗ್ಯಚಿತ್ರ ಹಾಕಿದ. ಥವಿನ್ ಮೇಷ್ಟ್ರು ಅವಳನ್ನು ಕೂರಿಸಿಕೊಂಡು ಸಮಾಧಾನವಾಗಿಯೇ ಹೇಳಿದರಂತೆ: ಮುಂದಿನ ತಿಂಗಳು ಇನ್ನೊಂದು ನಾಟಕ ಕೊಡುತ್ತೇನೆ. ಅಷ್ಟರಲ್ಲಿ ಸುವಿಮೋನಳ ದನಿ ಸಿಕ್ಕರೆ ಇರು, ಇಲ್ಲದಿದ್ದರೆ ಊರಿಗೆ ಹೋಗಿ ಶಾವಿಗೆ ಒತ್ತು.

ಹಾಗೆ ಅವಳು ಮೊದಲ ಸಲ ನಮ್ಮ ಮನೆಗೆ ಬಂದಳು. ನಾನು ಮೀನು ತೊಳೆಯುತ್ತಿದ್ದೆ. ಬಾಗಿಲಲ್ಲಿ ನಿಂತವಳನ್ನು ಮುಖ ನೋಡಿಯಲ್ಲ, ಬಾಯಿ ನೋಡಿ ಗುರುತಿಸಿದೆ. ನನಗಿಂತ ಚಿಕ್ಕವಳು, ಒಳಗೆ ಬಂದವಳೇ ನೆಲದ ಮೇಲೆ ಕೂತು ಕೈಮುಗಿದಳು.

"ಅಕ್ಕಾ, ನಂಗೆ ಸುವಿಮೋನ್ ಥರ ಮಾತಾಡೋದು ಕಲಿಸಿಕೊಡಿ," ಎಂದಳು.

ನನಗೆ ನಗು ಬಂತು, ಸಿಟ್ಟೂ ಬಂತು. ಇಷ್ಟು ವರ್ಷ ನನ್ನ ದನಿ ತಿಂದು ಬೆಳೆದವಳು ಈಗ ಅದನ್ನೇ ಕೇಳಲು ಬಂದಿದ್ದಾಳೆ ಎನ್ನಿಸಿತು. ಕಲಿಸಿದರೆ ನನಗೇನು ಸಿಗುತ್ತದೆ ಎಂದು ನೇರವಾಗಿಯೇ ಕೇಳಿದೆ. ಅವಳು ತಲೆ ತಗ್ಗಿಸಿ, ಮೇಷ್ಟ್ರಿಗೆ ಹೇಳಿ ನಿಮಗೂ ಅಲ್ಲೊಂದು ಕೆಲಸ ಕೊಡಿಸುತ್ತೇನೆ ಎಂದಳು. ಥಿಯೇಟರುಗಳಿಗೆ ದನಿಯ ಸಮೇತ ಬರುವ ದೊಡ್ಡ ಚಿತ್ರಗಳು ಕಾಲಿಡುತ್ತಿದ್ದವು. ಪ್ರಸೋಪ್ ಆಗಲೇ ಔಷಧಿ ಲಾರಿಯ ಜೊತೆ ಹಳ್ಳಿ ತಿರುಗಲು ಶುರು ಮಾಡಿದ್ದ. ನಾನು ಒಪ್ಪಿಕೊಂಡೆ. ದೊಡ್ಡ ಮನಸ್ಸಿನಿಂದಲ್ಲ, ಗೂಡು ಮುಚ್ಚುತ್ತಿತ್ತು.

ಪ್ರತಿದಿನ ಬೆಳಿಗ್ಗೆ ಬಂದು ಎದುರಿಗೆ ಕೂರುತ್ತಿದ್ದಳು. ನಾನು ಒಂದು ವಾಕ್ಯ ಹೇಳುವುದು, ಅವಳು ಹೇಳುವುದು. ಪದ ಕಲಿಸಲಿಲ್ಲ, ರಾಗ ಕಲಿಸಿದೆ: ಎಲ್ಲಿ ಏರಬೇಕು, ಎಲ್ಲಿ ಎಳೆಯಬೇಕು, ಅಳುವಿನ ಮುಂಚೆ ಉಸಿರು ಎಲ್ಲಿ ಮುರಿಯಬೇಕು. ಕಿವಿ ಚುರುಕು, ಬೇಗ ಹಿಡಿದಳು. ನಡುನಡುವೆ ದಣಿದಾಗ ಕಾಲು ಚಾಚಿ ಊರಿನ ಮಾತಿಗೆ ಇಳಿಯುತ್ತಿದ್ದಳು. ಸಂತೆಯಲ್ಲಿ ತಾಯಿ ಗಿರಾಕಿಗಳನ್ನು ಬೈಯುವುದು, ಸಾರು ಹೆಚ್ಚು ಕೇಳಿದವನ ಕೈಗೆ ಸೌಟಿನಿಂದ ಹೊಡೆಯುವುದು ಎಲ್ಲ ಆಡಿ ತೋರಿಸುತ್ತಿದ್ದಳು. ಆಗ ಅವಳ ನಿಜವಾದ ದನಿ ಕೇಳುತ್ತಿತ್ತು. ಗಂಟಲಿನ ಆಳದಿಂದ ಬರುವ ಒರಟು ದನಿ, ಪ್ರತಿ ಮಾತಿನ ಬಾಲ ಕತ್ತರಿಸಿದಂತೆ. ಸುಳ್ಳು ಯಾಕೆ ಹೇಳಲಿ, ನನ್ನ ದನಿಗಿಂತ ಅದೇ ಚೆನ್ನಾಗಿತ್ತು.

ನನ್ನದು ಅನುಕರಣೆಯ ಕಸುಬು. ಕೇಳಿದ್ದನ್ನು ಬಾಯಿ ತಾನಾಗಿ ಹಿಡಿದುಕೊಳ್ಳುತ್ತದೆ. ಒಂದು ದಿನ ಅವಳ ಮಾತಿಗೆ ಅವಳದೇ ದನಿಯಲ್ಲಿ ಉತ್ತರ ಕೊಟ್ಟೆ. ಅವಳು ಬೆಚ್ಚಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಲಮುಲ್‌ಗಿಂತ ನೀವೇ ಚೆನ್ನಾಗಿ ಲಮುಲ್ ಆಗ್ತೀರಿ ಎಂದಳು. ಅಂದಿನಿಂದ ಅದು ನಮ್ಮ ಆಟವಾಯಿತು. ಅವಳು ನನ್ನ ದನಿಯಲ್ಲಿ ಚಹಾ ಕೇಳುವುದು, ನಾನು ಅವಳ ದನಿಯಲ್ಲಿ ಕೊಡುವುದಿಲ್ಲ ಎನ್ನುವುದು.

ಟೆಲಿವಿಷನ್ ನಾಟಕದಲ್ಲಿ ಯಾರೂ ಮಾತು ಬಾಯಿಪಾಠ ಮಾಡುತ್ತಿರಲಿಲ್ಲ. ವಾರಕ್ಕೊಂದು ನಾಟಕವಾದರೆ ಯಾವ ತಲೆಯಲ್ಲಿ ಹಿಡಿಸೀತು? ಮಾತು ಹೇಳಿಕೊಡುವವರೊಬ್ಬರು ಕ್ಯಾಮೆರಾಕ್ಕೆ ಕಾಣದಂತೆ ಅಡಗಿ ಕೂತು ಪ್ರತಿ ವಾಕ್ಯವನ್ನೂ ಮೆಲ್ಲಗೆ ಒಪ್ಪಿಸುತ್ತಾರೆ, ನಟರು ಅದನ್ನು ಕೇಳಿ ದೊಡ್ಡದಾಗಿ ಹೇಳುತ್ತಾರೆ. ಮೇಷ್ಟ್ರು ನನಗೆ ಆ ಕೆಲಸ ಕೊಟ್ಟರು. ನನ್ನ ಜಾಗ ಸೋಫಾದ ಹಿಂದೆ, ಕೆಲವೊಮ್ಮೆ ಮಂಚದ ಕೆಳಗೆ. ನಾನು ಹೇಳಿದ ರಾಗದಲ್ಲೇ ಅವಳು ಹೇಳುತ್ತಿದ್ದಳು. ಮಾತು ಕೇಳಿಸದಿದ್ದರೆ, ಮರೆತರೆ, ತೊಡೆಯ ಮೇಲೆ ಎರಡು ಬೆರಳು ಮೆಲ್ಲಗೆ ಬಡಿಯುತ್ತಿದ್ದಳು. ಮತ್ತೆ ಕೊಡು ಎಂದು ಅರ್ಥ. ನಾನು ಕೊಡುತ್ತಿದ್ದೆ.

ಎರಡನೆಯ ನಾಟಕ ಗೆದ್ದಿತು. ನಮ್ಮ ಸುವಿಮೋನ್ ಹುಷಾರಾಗಿದ್ದಾಳೆ, ಹೋದ ಸಲ ಪಾಪ ನೆಗಡಿಯಾಗಿತ್ತೇನೋ ಎಂದು ಜನ ತಾವೇ ಕಥೆ ಕಟ್ಟಿಕೊಂಡರು. ಆಮೇಲೆ ವರ್ಷಗಟ್ಟಲೆ ಅವಳನ್ನು ಅಲ್ಲಾಡಿಸಿದವರಿಲ್ಲ. ಸೊಸೆಯಾದಳು, ವಿಧವೆಯಾದಳು, ಕೊನೆಗೆ ಸೊಸೆಯನ್ನು ಗೋಳುಹೊಯ್ಯುವ ಅತ್ತೆಯೂ ಆದಳು. ಒಂದು ವರ್ಷ ಅವಳಿಗೆ ಬಹುಮಾನ ಕೊಡುವಾಗ ದೊಡ್ಡ ಅಧಿಕಾರಿಯೊಬ್ಬರು ಅವಳ ದನಿಯನ್ನು ಹೊಗಳಿದರು. ನಾನು ಪ್ರೇಕ್ಷಕರ ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದೆ. ಹೊಟ್ಟೆ ಉರಿಯಲಿಲ್ಲ ಎಂದರೆ ನೀವು ನಂಬಬೇಡಿ.

ಮೇಷ್ಟ್ರು ಒಂದು ಷರತ್ತು ಹಾಕಿದ್ದರು. ಮನೆಯಲ್ಲೂ ಕಾರಿನಲ್ಲೂ ಕೆಲಸದವಳ ಜೊತೆಯೂ ಊರಿನ ಮಾತು ಆಡಕೂಡದು. ನಾಲಗೆ ಒಮ್ಮೆ ಜಾರಿದರೆ ಕ್ಯಾಮೆರಾದ ಮುಂದೆಯೂ ಜಾರುತ್ತದೆ ಎನ್ನುವುದು ಅವರ ಲೆಕ್ಕ. ಅವಳು ಪಾಲಿಸಿದಳು. ದಕ್ಷಿಣದಿಂದ ಬಂದಿದ್ದ ಕೆಲಸದ ಹುಡುಗಿಯನ್ನು ಬಿಡಿಸಿದಳು. ನಮ್ಮ ಆಟವೂ ನಿಂತಿತು. ಒಂದು ದಿನ ಹಳೆಯ ಸಲಿಗೆಯಲ್ಲಿ ನಾನು ಲಮುಲಳ ದನಿಯಲ್ಲಿ ಏನೋ ಕೇಳಿದರೆ ಅವಳು ಕನ್ನಡಿಯಲ್ಲೇ ನನ್ನನ್ನು ದುರುಗುಟ್ಟಿ ನೋಡಿ, ಬೇಡ ಅಕ್ಕಾ, ಎಂದಳು.

ಪ್ರತಿ ವರ್ಷ ಏಪ್ರಿಲ್‌ನ ಹೊಸವರ್ಷಕ್ಕೆ ಊರಿಗೆ ಹೋಗುತ್ತೇನೆ ಎನ್ನುತ್ತಿದ್ದಳು. ಪ್ರತಿ ವರ್ಷ ಮೇಷ್ಟ್ರು ಹೊಸವರ್ಷಕ್ಕೆ ವಿಶೇಷ ನಾಟಕ ಇಡುತ್ತಿದ್ದರು. ತಾಯಿಗೆ ಬಟ್ಟೆ, ಔಷಧಿ, ಬೀಸಣಿಗೆ ಯಂತ್ರ ಎಲ್ಲ ರೈಲಿನಲ್ಲಿ ಹೋಗುತ್ತಿದ್ದವು, ಮಗಳು ಮಾತ್ರ ಹೋಗುತ್ತಿರಲಿಲ್ಲ. ಈ ನಡುವೆ ತಾಯಿಯ ಕಣ್ಣಿಗೆ ಪೊರೆ ಬಂದು ದಿನದಿನಕ್ಕೆ ಮಂಜಾಯಿತು. ಬ್ಯಾಂಕಾಕಿಗೆ ಬಾ ಎಂದರೆ, ನನ್ನ ಗಿರಾಕಿಗಳು ಹಸಿದುಕೊಂಡು ಇರಬೇಕೇ ಎನ್ನುತ್ತಿದ್ದಳಂತೆ.

ಒಮ್ಮೆ ಊರಿನ ಕಡೆಯ ನೆಂಟನೊಬ್ಬ ನಿಲಯಕ್ಕೆ ಬಂದಿದ್ದ. ಆಗ ಸುವಿಮೋನಳ ಮುಖಕ್ಕೆ ಬಣ್ಣ ಹಚ್ಚುತ್ತಿದ್ದರು. ದಕ್ಷಿಣಕ್ಕೂ ಟೆಲಿವಿಷನ್ ಬಂದಿದೆ, ಅಕ್ಕಿ ಸಾಹುಕಾರನ ಅಂಗಡಿಯಲ್ಲಿ ಪೆಟ್ಟಿಗೆ ಇಟ್ಟಿದ್ದಾರೆ, ನಿಮ್ಮ ತಾಯಿಯನ್ನು ಕೈಹಿಡಿದು ಕರೆದೊಯ್ದು ಎಲ್ಲರಿಗಿಂತ ಮುಂದೆ ಕೂರಿಸಿದೆವು ಎಂದು ಖುಷಿಯಿಂದ ಹೇಳಿದ. ಅಮ್ಮ ಏನಂದಳು ಎಂದು ಇವಳು ಕೇಳಿದಳು. ಅವನು ತಲೆ ಕೆರೆದುಕೊಂಡ. ಮುದುಕಿ ನಾಟಕ ಪೂರ್ತಿ ಕಿವಿಗೊಟ್ಟು ಕೇಳಿ, ಈ ಹೆಂಗಸು ಚೆನ್ನಾಗಿ ಮಾತಾಡ್ತಾಳೆ, ನಮ್ಮ ಲಮುಲ್ ಯಾವಾಗ ಬರ್ತಾಳೆ ಎಂದು ಕೇಳಿದ್ದಳಂತೆ. ಅವಳೇ ನಿನ್ನ ಮಗಳು ಎಂದು ಅಂಗಡಿಯವರೆಲ್ಲ ಹೇಳಿದರೂ ಒಪ್ಪಲಿಲ್ಲವಂತೆ. ಸಿನಿಮಾದಲ್ಲಿ ನನ್ನ ಮಗಳು ನಮ್ಮ ಮಾತೇ ಆಡುತ್ತಿದ್ದಳು, ನನಗೆ ಗೊತ್ತಿಲ್ಲವೇ, ಎಂದು ಎದ್ದು ಹೋದಳಂತೆ. ದಕ್ಷಿಣದ ಥಿಯೇಟರುಗಳಲ್ಲಿ ಇವಳಿಗೆ ದನಿ ಕೊಡುತ್ತಿದ್ದ ಹೆಂಗಸನ್ನು ಮುದುಕಿ ಇಷ್ಟು ವರ್ಷ ಮಗಳೆಂದೇ ನಂಬಿದ್ದಳು.

ಸುವಿಮೋನ್ ನಕ್ಕಳು. ಬಣ್ಣ ಹಚ್ಚುವವಳೂ ನಕ್ಕಳು, ನಾನೂ ನಕ್ಕೆ. ಮುಂದಿನ ತಿಂಗಳು ಹೋಗಿಯೇ ಹೋಗುತ್ತೇನೆ, ಎದುರಿಗೆ ನಿಂತು ಮಾತಾಡಿದರೆ ಅವಳಿಗೆ ತಿಳಿಯುತ್ತದೆ ಎಂದು ನೆಂಟನಿಗೆ ಹೇಳಿ ಕಳಿಸಿದಳು. ಮುಂದಿನ ತಿಂಗಳು ಎರಡು ನಾಟಕಗಳಿದ್ದವು.

ಮಳೆಗಾಲ ಶುರುವಾಗುವ ಹೊತ್ತಿಗೆ ತಾಯಿಯೇ ಬ್ಯಾಂಕಾಕಿಗೆ ಬಂದಳು. ಹೊಟ್ಟೆಯಲ್ಲಿ ಗಡ್ಡೆ, ಊರಿನ ವೈದ್ಯರು ಕೈಚೆಲ್ಲಿದ್ದರು. ಅದೇ ನೆಂಟ ರೈಲಿನಲ್ಲಿ ಮಲಗಿಸಿಕೊಂಡು ಬಂದು ಆಸ್ಪತ್ರೆಗೆ ಸೇರಿಸಿ ನಿಲಯಕ್ಕೆ ಫೋನು ಮಾಡಿದ. ನಾವು ತಾಲೀಮಿನಲ್ಲಿದ್ದೆವು. ಸಂಜೆಗೆ ನಾಟಕ. ಮೇಷ್ಟ್ರು ಗಡಿಯಾರ ನೋಡಿ, ಹೋಗಿ ಬಾ, ಅಳಬೇಡ, ಕಣ್ಣು ಊದಿಕೊಳ್ಳುತ್ತದೆ ಎಂದರು. ಅವಳು ಅರ್ಧ ಬಣ್ಣದಲ್ಲೇ ಹೊರಟಳು. ಒಬ್ಬಳೇ ಹೋಗಲು ಹೆದರಿ ನನ್ನ ಕೈಹಿಡಿದು ಕಾರಿಗೆ ಎಳೆದುಕೊಂಡಳು.

ಮುದುಕಿ ಇಷ್ಟೇ ಇಷ್ಟಾಗಿದ್ದಳು. ಎರಡೂ ಕಣ್ಣು ಪೂರ್ತಿ ಬೆಳ್ಳಗೆ. ನೆಂಟ ಚಹಾ ಕುಡಿಯಲು ಹೊರಗೆ ಹೋದ. ಸುವಿಮೋನ್ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಳು. ನಾನು ತಲೆದಿಂಬಿನ ಹಿಂದೆ, ಪರದೆಯ ಪಕ್ಕ ನಿಂತೆ. ಯಾರೂ ಹೇಳಲಿಲ್ಲ, ಅಭ್ಯಾಸದ ಬಲ, ನನ್ನ ಕಾಲು ತಾನಾಗಿ ಅಲ್ಲಿಗೆ ಹೋಯಿತು.

"ಅಮ್ಮಾ, ನಾನು ಬಂದಿದ್ದೀನಿ. ಲಮುಲ್," ಎಂದಳು.

ಅಚ್ಚುಕಟ್ಟಾದ ಬ್ಯಾಂಕಾಕಿನ ಮಾತು. ಏರಬೇಕಾದಲ್ಲಿ ಏರಿ, ಎಳೆಯಬೇಕಾದಲ್ಲಿ ಎಳೆದು, ಕೊನೆಯಲ್ಲಿ ಉಸಿರು ಮುರಿದು, ಎಲ್ಲ ನಾನು ಕಲಿಸಿದ ಹಾಗೆಯೇ. ಮುದುಕಿ ಆ ದನಿಯ ಕಡೆ ಮುಖ ತಿರುಗಿಸಿದಳು. ಮೈಯಲ್ಲಿ ಉಳಿದ ಶಕ್ತಿಯನ್ನೆಲ್ಲ ಕೂಡಿಸಿ ಎರಡೂ ಕೈ ಎತ್ತಿ ಮಗಳಿಗೆ ಕೈಮುಗಿದಳು.

"ದೊಡ್ಡವರು ಬಂದೀರಿ, ಭಾಳ ಉಪಕಾರ ಆತ್ರಿ. ನಮ್ಮ ಲಮುಲ್‌ಗೆ ಒಂದ್ ಮಾತ ಹೇಳಿ ಕಳಸ್ರಿ. ಅಕಿಗೆ ಕೆಲಸ ಭಾಳ ಇರ್ತಾವ, ಬೇಕಂತ ತಡಾ ಮಾಡಾಕಿ ಅಲ್ಲ ಅಕಿ."

ತಾಯಿ ಮಗಳಿಗೆ ಕೈಮುಗಿದರೆ ಮಗಳ ಆಯುಷ್ಯ ಕುಗ್ಗುತ್ತದೆ ಎನ್ನುವವರು ನಾವು. ಸುವಿಮೋನ್ ಆ ಕೈಗಳನ್ನು ಹಿಡಿದು ಕೆಳಗಿಳಿಸಿದಳು. ಈ ಸಲ ಊರಿನ ಮಾತಿನಲ್ಲಿ ಹೇಳಲು ಹೋದಳು. ಪದಗಳು ಊರಿನವೇ, ದನಿ ಮಾತ್ರ ಸುವಿಮೋನಳದು. ನಾಟಕದಲ್ಲಿ ದಕ್ಷಿಣದ ಅಡುಗೆಯವಳ ಪಾತ್ರ ಮಾಡುವವರು ನಗಿಸಲು ಆಡುತ್ತಾರಲ್ಲ, ಹಾಗೆ ಕೇಳಿಸಿತು. ಮತ್ತೊಮ್ಮೆ ಹೇಳಿದಳು. ಇನ್ನೂ ಕೆಟ್ಟದಾಯಿತು. ಮುದುಕಿಗೆ ಆ ನೋವಿನಲ್ಲೂ ಸಣ್ಣಗೆ ನಗು ಬಂತು. ನಮ್ಮ ಮಾತು ಆಡಾಕ ನೋಡಾಕತ್ತೀರಿ, ಪಾಪ, ಎಂದಳು.

ಸುವಿಮೋನಳ ಮುಖ ನಾನು ಬರೆದು ಹೇಳುವಂಥದ್ದಲ್ಲ. ಅಷ್ಟು ನಾಟಕಗಳಲ್ಲಿ ಒಮ್ಮೆಯೂ ಅಂಥ ಮುಖ ಅವಳಿಗೆ ಬಂದಿರಲಿಲ್ಲ. ತನ್ನ ದನಿಯನ್ನು ಎಲ್ಲಿಟ್ಟೆ ಎಂದು ಹುಡುಕುವವಳ ಹಾಗೆ ಗಂಟಲು ಮುಟ್ಟಿಕೊಂಡಳು. ಆಮೇಲೆ ಅವಳ ಬಲಗೈ ತೊಡೆಯ ಮೇಲೆ ಇಳಿಯಿತು. ಎರಡು ಬೆರಳು ಮೆಲ್ಲಗೆ ಬಡಿದವು.

ನನ್ನ ಕೆಲಸ ನನಗೆ ಗೊತ್ತು. ಬೆರಳು ಬಡಿದರೆ ಮಾತು ಕೊಡಬೇಕು. ಲಮುಲಳ ರಾಗ ಹಿಡಿಸಿಕೊಟ್ಟರೆ ಅವಳು ತಾನೇ ಹೇಳಿಯಾಳು ಎಂದು, ಎಂದಿನಂತೆ ಪಿಸುದನಿಯಲ್ಲಿ, ಅವಳ ಕಿವಿಗಷ್ಟೇ ಎಂದುಕೊಂಡು ಕೊಟ್ಟೆ.

"ಯವ್ವಾ, ನಾ ಬಂದೀನಿ."

ಸೋಫಾದ ಹಿಂದಿನ ಪಿಸುಮಾತು ಮೈಕಿಗೂ ಕೇಳುವುದಿಲ್ಲ. ಕಣ್ಣು ಹೋದವರ ಕಿವಿ ಎಷ್ಟು ಚುರುಕು ಎಂಬುದು ನನಗೆ ಹೊಳೆದಿರಲಿಲ್ಲ. ಮುದುಕಿಯ ಮುಖ ಒಮ್ಮೆಲೇ ತೆರೆದುಕೊಂಡಿತು.

"ಲಮುಲಾ? ಇಷ್ಟೊತ್ತನಕ ಎಲ್ಲಿಗ್ ಹೋಗಿದ್ದಿ? ಉಂಡೀಯಿಲ್ಲ?"

ಸುವಿಮೋನ್ ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ. ಹೇಳು, ಈಗ ಹೇಳು ಎಂದು ಕಣ್ಣಲ್ಲೇ ಅಂದೆ. ಅವಳ ತುಟಿ ಅಲುಗಿತು, ದನಿ ಬರಲಿಲ್ಲ. ಬಂದರೆ ಮತ್ತೆ ಆ ಬ್ಯಾಂಕಾಕಿನವಳು ಬಂದುಬಿಡುತ್ತಾಳೆ ಎಂದು ಅವಳಿಗೆ ಗೊತ್ತಿತ್ತು. ಎರಡು ಬೆರಳು ಮತ್ತೆ ಬಡಿದವು.

"ಉಂಡೀನಿ ಯವ್ವಾ," ಎಂದೆ ನಾನು, ಈ ಸಲ ಪಿಸುಗುಟ್ಟದೆ.

ಮುದುಕಿ ತಡಕಾಡಿ ಮಗಳ ಕೈ ಹಿಡಿದುಕೊಂಡಳು. ಕೈಯೇನು ಇಷ್ಟು ಮೆತ್ತಗಾಗಿದೆ, ಶಾವಿಗೆ ಒತ್ತುವುದು ಮರೆತೆಯಾ ಎಂದು ಗದರಿದಳು. ಬಂದವರಿಗೆ ಸಾರು ಕಡಿಮೆ ಹಾಕಬೇಡ, ಪಕ್ಕದ ಮನೆಯವರಿಗೆ ಪಾತ್ರೆ ವಾಪಸು ಕೊಡಬೇಕು, ಎಂದೆಲ್ಲ ಹೇಳಿದಳು. ಒಂದೊಂದಕ್ಕೂ ಉತ್ತರ ಬೇಕಿತ್ತು. ಅಷ್ಟರಲ್ಲಿ ಬೆರಳು ಬಡಿಯುವುದು ನಿಂತಿತ್ತು. ಸುವಿಮೋನ್ ದನಿಯಿಲ್ಲದೆ ತುಟಿಯಲ್ಲೇ ಉತ್ತರ ಹೇಳುತ್ತಿದ್ದಳು, ನಾನು ಹಳೆಯ ಗೂಡಿನಲ್ಲಿದ್ದ ಹಾಗೆ ಆ ತುಟಿ ನೋಡಿ ಮಾತಾಡುತ್ತಿದ್ದೆ. ತುಟಿ ಏನನ್ನೂ ಮರೆತಿರಲಿಲ್ಲ. ಅರ್ಧ ನುಂಗುವ, ಬೇಗ ಮುಚ್ಚುವ ಅದೇ ಬಾಯಿ. ಹದಿನಾಲ್ಕು ವರ್ಷ ಅದಕ್ಕೆ ತಾಳೆಯಾಗದ ಮಾತು ತುರುಕಿದ್ದೆ, ಅವತ್ತು ಒಂದೊಂದು ಮಾತೂ ಸರಿಯಾಗಿ ಕೂತಿತು.

ಕೊನೆಗೆ ಮುದುಕಿ ದನಿ ತಗ್ಗಿಸಿ ಕೇಳಿದಳು:

"ಅಕ್ಕಿ ಅಂಗಡಿ ಪೆಟ್ಟಿಗ್ಯಾಗ ಒಬ್ಬಾಕಿ ಬರ್ತಾಳಲ್ಲ, ನಿನ್ನ ಹೆಸರು ಹೇಳ್ಕೊಂಡು. ಯಾರಾಕಿ?"

ನಾನು ಸುವಿಮೋನಳ ಬಾಯಿ ನೋಡಿದೆ. ಅವಳು ತಾಯಿಯ ಕೈಯ ಮೇಲೆ ತನ್ನ ಇನ್ನೊಂದು ಕೈ ಇಟ್ಟಳು. ಆಮೇಲೆ ತುಟಿ ಅಲುಗಿತು. ಅದು ಹೇಳಿದ್ದನ್ನೇ ನಾನು ಹೇಳಿದೆ.

"ಯಾರೋ ಏನೋ ಯವ್ವಾ. ನನಗ ಗೊತ್ತಿಲ್ಲ."

ಮುದುಕಿಗೆ ಸಮಾಧಾನವಾಯಿತು. ನಾ ಆಗಲೇ ಹೇಳಿದ್ದೆ, ಯಾರೂ ನಂಬಲಿಲ್ಲ, ಎಂದು ಮಗಳ ಕೈಹಿಡಿದುಕೊಂಡೇ ನಿದ್ದೆಹೋದಳು. ಮೇಷ್ಟ್ರ ಡ್ರೈವರು ಬಾಗಿಲಲ್ಲಿ ಬಂದು ಕೆಮ್ಮಿದ. ನಾವು ಎದ್ದೆವು.

ಅವತ್ತಿನ ನಾಟಕ ಸರಿಯಾಗಿಯೇ ನಡೆಯಿತು. ಮಾರನೆಯ ದಿನ ಅವಳು ಆಸ್ಪತ್ರೆಗೆ ಹೋಗುವಷ್ಟರಲ್ಲಿ ತಾಯಿಗೆ ಮಾತು ನಿಂತಿತ್ತು, ಆಮೇಲೆ ಬರಲಿಲ್ಲ. ದಹನ ಊರಿನಲ್ಲಾಯಿತು. ಮೇಷ್ಟ್ರು ದೊಡ್ಡ ಹೂಮಾಲೆ ಕಳಿಸಿದ್ದರು, ಪತ್ರಿಕೆಯವರು ಫೋಟೋ ತೆಗೆದರು. ಸಂತೆಯ ಹೆಂಗಸರು ಬಂದು, ಮುದುಕಿಗೆ ಕೊನೆಗಾಲದಲ್ಲಿ ಮಗಳ ದನಿ ಕೇಳುವ ಪುಣ್ಯ ಸಿಕ್ಕಿತಂತೆ ಎಂದು ನನ್ನೆದುರೇ ಹೇಳಿದರು. ಚಹಾ ಕುಡಿದು ಬಂದ ನೆಂಟ ಬಾಗಿಲಾಚೆಯ ಬೆಂಚಿನಲ್ಲಿ ಕೂತು ಕೇಳಿಸಿಕೊಂಡಿದ್ದನಂತೆ. ಸುವಿಮೋನ್ ಎಲ್ಲರಿಗೂ ಕೈಮುಗಿದಳು, ಮುಗುಳ್ನಕ್ಕಳು, ಒಂದು ಮಾತೂ ಆಡಲಿಲ್ಲ. ಇಷ್ಟು ದೊಡ್ಡವಳಾದರೂ ಎಂಥ ನಾಚಿಕೆ ಎಂದುಕೊಂಡರು ಅವರೂ.

ಬ್ಯಾಂಕಾಕಿಗೆ ಮರಳಿದ ಮೇಲಿನ ಮೊದಲ ನಾಟಕ. ಎಂದಿನಂತೆ ನಾನು ಸೋಫಾದ ಹಿಂದೆ ನುಸುಳಿ ಕಾಲು ಮಡಿಸಿಕೊಂಡು ಕೂತೆ. ಅವಳು ಮುಂದೆ ಕೂತು ರೇಷ್ಮೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದಳು. ಕೆಂಪು ದೀಪ ಹತ್ತಲು ಇನ್ನೂ ಸ್ವಲ್ಪ ಹೊತ್ತಿತ್ತು. ನನ್ನ ಕಡೆ ತಿರುಗದೆಯೇ ಅಂದಳು:

"ಅಕ್ಕಾ, ನಮ್ಮಮ್ಮ ಮಾತಾಡಿದ್ದು ನಿಮ್ಮ ಹತ್ರ. ನಂದು ಕೈ ಮಾತ್ರ."

ನನ್ನದೇ ದನಿ. ಒಂದು ಚೂರು ತಾಮ್ರವೂ ಉದುರಲಿಲ್ಲ. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ, ಯಾವ ದನಿಯಲ್ಲಿ ಹೇಳಬೇಕೆಂದು ತಿಳಿಯಲಿಲ್ಲ. ಅಷ್ಟರಲ್ಲಿ ದೀಪ ಹತ್ತಿತು. ಅವಳ ಎರಡು ಬೆರಳು ತೊಡೆಯ ಮೇಲೆ ಬಡಿದವು, ನಾನು ಮೊದಲ ಮಾತು ಕೊಟ್ಟೆ.